ಜೋಳದ ಬಟ್ಟಲಲ್ಲಿ ಒಂದು ಸಾಮ್ರಾಜ್ಯ

ಪೆರು ದೇಶದ ಕುಸ್ಕೊ ನಗರದಿಂದ ಉರುಬಂಬಾ ನದಿಯ ಕಣಿವೆಗೆ ಇಳಿಯುವ ದಾರಿಯಲ್ಲಿ ಕೆಲವು ಮನೆಗಳ ಬಾಗಿಲ ಮೇಲೆ ಉದ್ದನೆಯ ಗಳುವೊಂದು ರಸ್ತೆಯತ್ತ ಚಾಚಿಕೊಂಡಿರುತ್ತದೆ. ಅದರ ತುದಿಗೆ ಕೆಂಪು ಹೂವಿನ ಗೊಂಚಲನ್ನೋ, ಕೆಂಪು ಬಟ್ಟೆಯನ್ನೋ, ಅದೂ ಸಿಗದಿದ್ದರೆ ಕೆಂಪು ಪ್ಲಾಸ್ಟಿಕ್ ಚೀಲವನ್ನೋ ಸಿಕ್ಕಿಸಿರುತ್ತಾರೆ. ಅದು ಯಾವ ಪಕ್ಷದ ಬಾವುಟವೂ ಅಲ್ಲ. ಈ ಮನೆಯಲ್ಲಿ ಇವತ್ತು ಹೊಸ ಚಿಚಾ ಸಿದ್ಧವಾಗಿದೆ, ಬನ್ನಿ ಎಂಬ ಕರೆ ಅಷ್ಟೆ. ಒಳಗೆ ಹೋದವರಿಗೆ ಮನೆಯೊಡತಿ ಗುಡಾಣದಿಂದ ಮೊಗೆದು, ದೊಡ್ಡ ಗಾಜಿನ ಲೋಟದ ತುಂಬ ಹಳದಿ ಬಣ್ಣದ, ನೊರೆ ಕಟ್ಟಿದ, ಹುಳಿಹುಳಿಯಾದ ಪಾನೀಯವನ್ನು ಕೊಡುತ್ತಾಳೆ. ಕುಡಿಯುವವರು ಮೊದಲು ಒಂದೆರಡು ಹನಿಯನ್ನು ನೆಲಕ್ಕೆ ಚೆಲ್ಲುತ್ತಾರೆ. ಅದು ಭೂತಾಯಿ ಪಾಚಮಾಮಾಳ ಪಾಲು. ಉಳಿದದ್ದು ಮನುಷ್ಯರದು.

ಇದನ್ನು 'ಮುಸುಕಿನ ಜೋಳದ ಬಿಯರ್' ಎಂದು ಕರೆದು ಸುಮ್ಮನಾಗಬಹುದು. ಪ್ರವಾಸಿಗರ ಕೈಪಿಡಿಗಳು ಮಾಡುವುದೂ ಅದನ್ನೇ. ಆದರೆ ಆಂಡೀಸ್ ಪರ್ವತಶ್ರೇಣಿಯ ಜನರಿಗೆ ಚಿಚಾ ಬರಿಯ ಮಾದಕ ಪಾನೀಯವಾಗಿರಲಿಲ್ಲ. ದುಡಿದವನಿಗೆ ಅದು ಕೂಲಿ, ದೇವರಿಗೆ ನೈವೇದ್ಯ, ಸತ್ತವರಿಗೆ ತರ್ಪಣ, ಶತ್ರುವಿನ ಮುಂದೆ ಸಂಧಾನದ ಬಟ್ಟಲು. ಒಂದು ಸಾಮ್ರಾಜ್ಯ ಈ ಪಾನೀಯವನ್ನು ಹಂಚಿಯೇ ಜನರನ್ನು ದುಡಿಸಿಕೊಂಡಿತು. ಅದರ ನಂತರ ಬಂದ ಆಳರಸರು ಇದನ್ನೇ ಹೊಲಸೆಂದು, ಪಾಪವೆಂದು, ಕೊನೆಗೆ ಕಾಯಿಲೆಯೆಂದು ಜರೆದರು.

ಮೊದಲಿಗೆ ಹೆಸರಿನ ವಿಚಾರ. 'ಚಿಚಾ' ಎಂಬುದು ಆಂಡೀಸ್ ಜನರ ಮಾತಲ್ಲ. ಸ್ಪೇನಿನವರು ಈ ಪದವನ್ನು ಪನಾಮಾ ಹಾಗೂ ಕೆರಿಬಿಯನ್ ಕಡೆಯಿಂದ ಹೊತ್ತು ತಂದು, ತಾವು ಹೋದ ಕಡೆಯಲ್ಲೆಲ್ಲ ಕಂಡ ನಾಟಿ ಪಾನೀಯಕ್ಕೆಲ್ಲ ಅಂಟಿಸಿದರು. ಇಂಕಾ ದೊರೆಗಳ ಕಾಲದಿಂದ ಬಂದ ಕೆಚುವಾ ಭಾಷೆಯಲ್ಲಿ ಇದರ ಹೆಸರು 'ಅಖಾ'. ಇವತ್ತಿಗೂ ಕುಸ್ಕೊ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಚಿಚಾ ಮಾರುವ ಮನೆಗೆ 'ಅಖಾವಾಸಿ' ಎನ್ನುತ್ತಾರೆ. 'ವಾಸಿ' ಎಂದರೆ ಮನೆ. ನಮ್ಮ 'ವಾಸ'ಕ್ಕೂ ಅದಕ್ಕೂ ಸಂಬಂಧ ಹುಡುಕಲು ಹೊರಡುವುದು ಬೇಡ, ಅದು ಕಾಕತಾಳೀಯ.

ಮೊಳಕೆಯ ಮಹಿಮೆ

ಚಿಚಾ ತಯಾರಿಸುವ ಬಗೆ ಕರ್ನಾಟಕದ ಓದುಗರಿಗೆ ತೀರ ಅಪರಿಚಿತವೇನಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸಿ ಎಳೆಯ ಮಕ್ಕಳಿಗೆ ಸರಿ ಮಾಡುವ ನಮ್ಮ ಹೆಂಗಸರಿಗೆ ಇದರ ಅರ್ಧ ದಾರಿ ಆಗಲೇ ಗೊತ್ತು. ಆಂಡೀಸ್‌ನ ಹೆಂಗಸರು ಮುಸುಕಿನ ಜೋಳವನ್ನು ರಾತ್ರಿಯೆಲ್ಲ ನೆನೆಹಾಕಿ, ನೀರು ಬಸಿದು, ಹುಲ್ಲು ಅಥವಾ ಎಲೆಗಳ ನಡುವೆ ಹರಡಿ ಕತ್ತಲಲ್ಲಿ ಮುಚ್ಚಿಡುತ್ತಾರೆ. ಕೆಲವು ದಿನಗಳಲ್ಲಿ ಮೊಳಕೆ ಒಡೆಯುತ್ತದೆ. ಆಮೇಲೆ ಬಿಸಿಲಿಗೆ ಒಣಗಿಸುತ್ತಾರೆ. ಹೀಗೆ ಮೊಳೆತು ಒಣಗಿದ ಕಾಳಿಗೆ 'ಹೋರಾ' ಎಂದು ಹೆಸರು.

ಮೊಳಕೆಯೇ ಏಕೆ ಬೇಕು? ಕಾಳಿನಲ್ಲಿರುವುದು ಪಿಷ್ಟ. ಪಾನೀಯವನ್ನು ಹುಳಿ ಬರಿಸಿ ಮದ್ಯಸಾರ ಹುಟ್ಟಿಸುವ ಯೀಸ್ಟ್ ಎಂಬ ಸೂಕ್ಷ್ಮಜೀವಿಗೆ ಬೇಕಾದದ್ದು ಸಕ್ಕರೆ. ಪಿಷ್ಟವನ್ನು ನೇರವಾಗಿ ಅರಗಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಕಾಳು ಮೊಳೆಯುವಾಗ ಅದರೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುತ್ತವೆ. ಯುರೋಪಿನವರು ಬಾರ್ಲಿಯಿಂದ ಬಿಯರ್ ಮಾಡುವಾಗ ಅನುಸರಿಸುವುದೂ ಇದೇ ಸೂತ್ರವನ್ನು. ಎರಡು ಖಂಡಗಳ ಜನ ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ಉಪಾಯವನ್ನು ಕಂಡುಕೊಂಡಿದ್ದರು.

ಇನ್ನೊಂದು ದಾರಿಯೂ ಇದೆ. ಮನುಷ್ಯನ ಜೊಲ್ಲಿನಲ್ಲಿಯೂ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವವಿದೆ. ಹಾಗಾಗಿ ಜೋಳದ ಹಿಟ್ಟನ್ನು ಬಾಯಲ್ಲಿಟ್ಟು ನೆನೆಸಿ, ಉಂಡೆ ಮಾಡಿ, ಒಣಗಿಸಿ ಚಿಚಾಕ್ಕೆ ಬಳಸುವ ಪದ್ಧತಿ ಬಹಳ ಹಿಂದಿನಿಂದ ಬಂದಿದೆ. ಬೊಲಿವಿಯಾದ ಕೊಚಬಾಂಬ ಕಣಿವೆಯಲ್ಲಿ ಈ ಉಂಡೆಗೆ 'ಮುಕೊ' ಎನ್ನುತ್ತಿದ್ದರು. 1947ರಲ್ಲಿ ಹ್ಯೂ ಕಟ್ಲರ್ ಮತ್ತು ಮಾರ್ಟಿನ್ ಕಾರ್ದೆನಾಸ್ ಎಂಬ ಸಸ್ಯಶಾಸ್ತ್ರಜ್ಞರು ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಎಂಜಲು ಎಂದೊಡನೆ ಮೂಗು ಮುರಿಯುವವರು ಒಂದು ಮಾತು ತಿಳಿದಿರಬೇಕು: ಮುಂದಿನ ಹಂತದಲ್ಲಿ ಇದನ್ನೆಲ್ಲ ಗಂಟೆಗಟ್ಟಲೆ ಕುದಿಸಲಾಗುತ್ತದೆ. 2009ರಲ್ಲಿ ಅಮೆರಿಕದ ಡೆಲವೇರ್ ರಾಜ್ಯದ ಡಾಗ್‌ಫಿಶ್ ಹೆಡ್ ಎಂಬ ಬಿಯರ್ ಕಂಪನಿ ಇದೇ ಕ್ರಮದಲ್ಲಿ ಚಿಚಾ ಮಾಡಹೊರಟು, ಸಿಬ್ಬಂದಿಯೆಲ್ಲ ಕುಳಿತು ಜೋಳ ಜಗಿದದ್ದು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ದವಡೆ ನೋವೇ ಲಾಭವೆಂದು ತೋರುತ್ತದೆ.

ಹೋರಾವನ್ನು ಒರಟಾಗಿ ಬೀಸಿ, ನೀರು ಬೆರೆಸಿ ಕುದಿಸಿ, ಸೋಸಿ, ಆರಿದ ಮೇಲೆ ಮಣ್ಣಿನ ಗುಡಾಣಕ್ಕೆ ಸುರಿಯುತ್ತಾರೆ. ಹಾಲಿಗೆ ಹೆಪ್ಪು ಹಾಕುವಂತೆ ಹಿಂದಿನ ಸಲದ ಗಸಿಯನ್ನು ಸ್ವಲ್ಪ ಬೆರೆಸುವುದುಂಟು. ಅದಿಲ್ಲದಿದ್ದರೂ ಹಳೆಯ ಗುಡಾಣದ ಗೋಡೆಯಲ್ಲಿ ಇಂಗಿರುವ ಯೀಸ್ಟ್ ತನ್ನ ಕೆಲಸ ಮಾಡುತ್ತದೆ. ಒಂದೆರಡು ದಿನಗಳಲ್ಲಿ ನೊರೆಯೇಳುತ್ತದೆ. ಮದ್ಯಸಾರದ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ ಎರಡು ಮೂರರಷ್ಟು, ಅಂದರೆ ಮಾಮೂಲು ಬಿಯರಿಗಿಂತಲೂ ಕಡಿಮೆ. ಚಿಚಾದ ಒಂದು ಗುಣವನ್ನು ಇಲ್ಲಿ ಗಮನಿಸಬೇಕು: ಅದು ಬೇಗ ಕೆಡುತ್ತದೆ. ಕೆಲವೇ ದಿನಗಳಲ್ಲಿ ಬಾಯಿಗಿಡಲಾರದಷ್ಟು ಹುಳಿಯಾಗುತ್ತದೆ. ಕೂಡಿಟ್ಟು ಶ್ರೀಮಂತರಾಗುವುದು ಸಾಧ್ಯವಿಲ್ಲ. ಮಾಡಿದವರು ಹಂಚಲೇಬೇಕು.

ಕುಡಿಸಿ ದುಡಿಸಿದ ದೊರೆಗಳು

ಇಂಕಾ ಸಾಮ್ರಾಜ್ಯದಲ್ಲಿ ನಾಣ್ಯದ ಚಲಾವಣೆ ಇರಲಿಲ್ಲ. ಜನ ತೆರಿಗೆಯನ್ನು ದುಡಿಮೆಯ ರೂಪದಲ್ಲಿ ಸಲ್ಲಿಸಬೇಕಿತ್ತು. ರಸ್ತೆ, ಸೇತುವೆ, ಬೆಟ್ಟದ ಮೆಟ್ಟಿಲುಗದ್ದೆ, ಕೋಟೆ, ಸೈನ್ಯ ಎಲ್ಲವೂ ಸರದಿಯ ದುಡಿಮೆಯಿಂದಲೇ ಆಗುತ್ತಿದ್ದವು. ಇದಕ್ಕೆ 'ಮಿತಾ' ಎನ್ನುತ್ತಿದ್ದರು. ಇದನ್ನು ನಾವು 'ಬಿಟ್ಟಿ' ಎಂದೇ ಅನುವಾದಿಸಿಬಿಡಬಹುದು. ಆದರೆ ಇಂಕಾ ದೊರೆಗಳಿಗೆ ಆ ಹೆಸರು ಬರುವುದು ಬೇಕಿರಲಿಲ್ಲ. ಅಲ್ಲಿನ ಹಳ್ಳಿಗಳಲ್ಲಿ, ನಮ್ಮ ಮುಯ್ಯಾಳಿನ ಹಾಗೆಯೇ, ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂಬ ಪದ್ಧತಿಯಿತ್ತು. ಕೆಲಸಕ್ಕೆ ಕರೆದವರು ಬಂದವರಿಗೆ ಹೊಟ್ಟೆ ತುಂಬ ಊಟ, ಬೇಕಷ್ಟು ಚಿಚಾ ಕೊಡಬೇಕು. ಕೊಡದಿದ್ದರೆ ಮರ್ಯಾದೆ ಹೋಯಿತು. ಇಂಕಾ ದೊರೆಗಳು ಈ ಹಳ್ಳಿಯ ರೀತಿಯನ್ನೇ ಎತ್ತಿಕೊಂಡು ಸಾಮ್ರಾಜ್ಯದ ಅಳತೆಗೆ ಹಿಗ್ಗಿಸಿದರು. ದೊರೆ ಅತಿಥೇಯ, ದುಡಿಯಲು ಬಂದ ಸಾವಿರಾರು ಜನ ಅವನ ಅತಿಥಿಗಳು.

ಇದು ಬರಿಯ ಊಹೆಯಲ್ಲ. ಪೆರುವಿನ ಎತ್ತರದ ಬಯಲಿನಲ್ಲಿರುವ ಹುವಾನುಕೊ ಪಾಂಪ ಎಂಬ ಇಂಕಾ ಆಡಳಿತ ಕೇಂದ್ರದಲ್ಲಿ ಪುರಾತತ್ವಜ್ಞ ಕ್ರೇಗ್ ಮಾರಿಸ್ ವರ್ಷಗಟ್ಟಲೆ ಕೆಲಸ ಮಾಡಿದರು. ಸುಮಾರು 500 ಉಗ್ರಾಣಗಳಿದ್ದ ಊರು ಅದು. ಮಧ್ಯದಲ್ಲಿ ವಿಶಾಲವಾದ ಚೌಕ. ಚೌಕದ ಸುತ್ತಲಿನ ಕಟ್ಟಡಗಳಲ್ಲಿ ಅವರಿಗೆ ರಾಶಿ ರಾಶಿಯಾಗಿ ಸಿಕ್ಕಿದ್ದು ದೊಡ್ಡ ಗುಡಾಣಗಳ ಚೂರುಗಳು. ಒಂದೇ ಬಾಗಿಲಿದ್ದ ಆವರಣವೊಂದರಲ್ಲಿ ಒಂದೇ ತೆರನಾದ 50 ಕಟ್ಟಡಗಳು, ಅವುಗಳೊಳಗೆ ನೂಲುವ ನೇಯುವ ಸಲಕರಣೆಗಳು ಮತ್ತು ಚಿಚಾ ಮಾಡುವ ಪಾತ್ರೆಗಳು ದೊರೆತವು. ಖಾಯಂ ನಿವಾಸಿಗಳು ಕಡಿಮೆಯಿದ್ದ ಈ ಊರು ಮುಖ್ಯವಾಗಿ ಔತಣ ಹಾಕಲೆಂದೇ ಕಟ್ಟಿದ್ದು ಎಂಬುದು ಮಾರಿಸ್ ಅವರ ತೀರ್ಮಾನ.

ಇಷ್ಟು ಚಿಚಾಕ್ಕೆ ಜೋಳ ಎಲ್ಲಿಂದ ಬರಬೇಕು? ಆಂಡೀಸ್‌ನ ಎತ್ತರದಲ್ಲಿ ಬಡವರ ಹೊಟ್ಟೆ ತುಂಬಿಸಿದ್ದು ಆಲೂಗಡ್ಡೆ. ಜೋಳಕ್ಕೆ ಬೆಚ್ಚಗಿನ ಕಣಿವೆ ಬೇಕು, ನೀರು ಬೇಕು, ಹಿಮಪಾತದಿಂದ ರಕ್ಷಣೆ ಬೇಕು. ಆಲೂಗಡ್ಡೆ ಊಟದ ಬೆಳೆ, ಜೋಳ ಪೂಜೆಯ ಮತ್ತು ಪ್ರಭುತ್ವದ ಬೆಳೆ ಎಂದು ಮಾನವಶಾಸ್ತ್ರಜ್ಞ ಜಾನ್ ಮುರ್ರಾ 1960ರಲ್ಲಿಯೇ ವಾದಿಸಿದ್ದರು. ಪ್ರವಾಸಿಗರು ಬೆರಗಿನಿಂದ ನೋಡುವ ಆ ಮೆಟ್ಟಿಲುಗದ್ದೆಗಳ ಹಿಂದೆ ಈ ಜೋಳದ ಹಸಿವಿದೆ. ವೈನ ಕಪಾಕ್ ಎಂಬ ದೊರೆಯಂತೂ ಕೊಚಬಾಂಬ ಕಣಿವೆಯ ಮೂಲ ನಿವಾಸಿಗಳನ್ನು ಎಬ್ಬಿಸಿ, ಬೇರೆ ಬೇರೆ ಸೀಮೆಗಳಿಂದ 14,000 ಜನರನ್ನು ತಂದು ಸರ್ಕಾರದ ಜೋಳ ಬೆಳೆಯಲು ಹಚ್ಚಿದ. ಔತಣದ ಸಂಭ್ರಮವನ್ನು ವರ್ಣಿಸುವಾಗ ಹೀಗೆ ಎತ್ತಂಗಡಿಯಾದ ಜನರನ್ನೂ ನೆನೆಯಬೇಕಾಗುತ್ತದೆ.

ಚಿಚಾ ಕುಡಿಯುವ ಮರದ ಲೋಟಕ್ಕೆ 'ಕೇರೊ' ಎಂದು ಹೆಸರು. ಚಿನ್ನ ಬೆಳ್ಳಿಯ ಲೋಟಗಳೂ ಇದ್ದವು. ಅವನ್ನು ಮಾಡುತ್ತಿದ್ದುದು ಜೋಡಿಯಾಗಿ. ಯಾರೂ ಒಂಟಿಯಾಗಿ ಕುಡಿಯುವಂತಿಲ್ಲ. ಒಂದನ್ನು ತಾನು ಹಿಡಿದು, ಇನ್ನೊಂದನ್ನು ಎದುರಿನವನಿಗೆ ಕೊಡಬೇಕು. ಸೂರ್ಯನ ಹಬ್ಬವಾದ ಇಂತಿ ರಾಯ್ಮಿಯಲ್ಲಿ ದೊರೆ ಎರಡು ಚಿನ್ನದ ಬಟ್ಟಲು ಹಿಡಿದು ಒಂದನ್ನು ಸೂರ್ಯನಿಗೇ ಅರ್ಪಿಸುತ್ತಿದ್ದನೆಂದು, ಇಂಕಾ ತಾಯಿಗೂ ಸ್ಪೇನಿನ ತಂದೆಗೂ ಹುಟ್ಟಿದ ಚರಿತ್ರಕಾರ ಗಾರ್ಸಿಲಾಸೊ 1609ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಸತ್ತ ದೊರೆಗಳಿಗೂ ಪಾಲು ತಪ್ಪುತ್ತಿರಲಿಲ್ಲ. ಅವರ ಒಣಗಿಸಿಟ್ಟ ದೇಹಗಳನ್ನು ಕುಸ್ಕೊ ಚೌಕಕ್ಕೆ ತಂದು ಕೂರಿಸಿ, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರಿಗೆ ಬಟ್ಟಲು ಏರಿಸುವುದನ್ನು ಪೆದ್ರೊ ಪಿಸಾರೊ ಎಂಬ ಸ್ಪ್ಯಾನಿಷ್ ಸೈನಿಕ ದಾಖಲಿಸಿದ್ದಾನೆ.

ಬಟ್ಟಲು ಒಡೆದು ಹೊರಟವರು

ಇಂಕಾಗಳೇ ಇದನ್ನು ಮೊದಲು ಮಾಡಿದವರೆಂದೂ ತಿಳಿಯಬೇಕಿಲ್ಲ. ಅವರಿಗಿಂತ ನೂರಾರು ವರ್ಷ ಹಿಂದೆ ಆಳಿದ ವಾರಿ ಎಂಬ ರಾಜ್ಯದವರು ದಕ್ಷಿಣ ಪೆರುವಿನ ಸೆರ್ರೊ ಬಾವುಲ್ ಎಂಬ ಬೆಟ್ಟದ ನೆತ್ತಿಯಲ್ಲಿ ಒಂದು ಠಾಣೆ ಕಟ್ಟಿಕೊಂಡಿದ್ದರು. ಕಣಿವೆಯಿಂದ ಸುಮಾರು 600 ಮೀಟರ್ ಎತ್ತರದ, ಹನಿ ನೀರಿಲ್ಲದ ಬಂಡೆ ಅದು. ನೀರನ್ನೆಲ್ಲ ಕೆಳಗಿನಿಂದಲೇ ಹೊರಬೇಕು. ಅಂಥ ಜಾಗದಲ್ಲಿ ಒಂದು ಸಲಕ್ಕೆ ಸಾವಿರಾರು ಲೀಟರ್ ಪಾನೀಯ ತಯಾರಾಗುವಷ್ಟು ದೊಡ್ಡ ಭಟ್ಟಿಯನ್ನು ಪುರಾತತ್ವಜ್ಞರು ಪತ್ತೆ ಮಾಡಿ, 2005ರಲ್ಲಿ ವಿವರ ಪ್ರಕಟಿಸಿದರು. ಅಲ್ಲಿ ಜೋಳದ ಜೊತೆಗೆ 'ಮೊಯೆ' ಎಂಬ ಮರದ ಮೆಣಸಿನಂಥ ಹಣ್ಣುಗಳನ್ನು ಬಳಸುತ್ತಿದ್ದರು. ನೆಲದ ಮೇಲೆ ಹೆಂಗಸರು ಶಾಲು ಸಿಕ್ಕಿಸುವ ಲೋಹದ ಪಿನ್ನುಗಳು ಬಿದ್ದಿದ್ದವು. ಭಟ್ಟಿ ಇಳಿಸುತ್ತಿದ್ದವರು ಯಾರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಸುಮಾರು ಸಾವಿರ ವರ್ಷಗಳ ಹಿಂದೆ ವಾರಿಗಳು ಆ ಬೆಟ್ಟವನ್ನು ತೊರೆದರು. ತೊರೆದ ರೀತಿ ವಿಚಿತ್ರವಾದದ್ದು. ಕೊನೆಯ ಭಟ್ಟಿ ಇಳಿಸಿ, ಕೊನೆಯ ಔತಣ ನಡೆಸಿ, ಭಟ್ಟಿಗೆ ಬೆಂಕಿಯಿಟ್ಟು, ಉರಿಯುವ ಬೆಂಕಿಗೆ ತಮ್ಮ ಕೇರೊಗಳನ್ನು ಎಸೆದು ಒಡೆದು ಹೊರಟುಹೋದರು.

ಮತ್ತೆ ಇಂಕಾಗಳ ವಿಷಯಕ್ಕೆ ಬಂದರೆ, ಅಲ್ಲಿಯೂ ಚಿಚಾ ಹೆಂಗಸರ ಕೆಲಸ. ಹಳ್ಳಿ ಹಳ್ಳಿಗಳಿಂದ ಎಳೆಯ ಹುಡುಗಿಯರನ್ನು ಆರಿಸಿ ತಂದು, ಹೊರಗಿನವರ ಸಂಪರ್ಕವಿಲ್ಲದ ಮನೆಗಳಲ್ಲಿಟ್ಟು ನೇಯ್ಗೆ ಮತ್ತು ಚಿಚಾ ತಯಾರಿ ಕಲಿಸುತ್ತಿದ್ದರು. ಇವರನ್ನು 'ಅಕ್ಲಾ', ಅಂದರೆ ಆಯ್ದವರು, ಎನ್ನುತ್ತಿದ್ದರು. ಕೆಲವರು ದೇವರ ಸೇವೆಗೆ, ಕೆಲವರು ದೊರೆ ಮೆಚ್ಚಿದವರ ಮನೆಗೆ. ಇನ್ನು ಕೆಲವರ ಪಾಲಿಗೆ ಬಲಿಪೀಠ. 1999ರಲ್ಲಿ ಅರ್ಜೆಂಟೀನಾ ಗಡಿಯ ಯುಯಾಯಾಕೊ ಎಂಬ 6,739 ಮೀಟರ್ ಎತ್ತರದ ಪರ್ವತದ ತುದಿಯಲ್ಲಿ ಮೂವರು ಮಕ್ಕಳ ದೇಹಗಳು ಹಿಮದಲ್ಲಿ ಕೆಡದೆ ಸಿಕ್ಕಿದವು. ಅವರಲ್ಲಿ ಹಿರಿಯಳಿಗೆ ಸುಮಾರು 13 ವರ್ಷ. 2013ರಲ್ಲಿ ಪ್ರಕಟವಾದ ಕೂದಲಿನ ಪರೀಕ್ಷೆ ಆಕೆಯ ಕೊನೆಯ ದಿನಗಳ ಕತೆಯನ್ನು ಬಿಚ್ಚಿಟ್ಟಿತು. ಸಾಯುವ ಸುಮಾರು ಒಂದು ವರ್ಷ ಮೊದಲಿನಿಂದ ಆಕೆಗೆ ಒಳ್ಳೆಯ ಆಹಾರ ಸಿಕ್ಕಿದೆ. ಕೋಕಾ ಎಲೆಯ ಸೇವನೆ ಹೆಚ್ಚಿದೆ. ಕಡೆಯ ಕೆಲವು ವಾರಗಳಲ್ಲಿ ಮದ್ಯದ ಪ್ರಮಾಣ ಒಮ್ಮೆಗೇ ಏರಿದೆ. ಆ ಮದ್ಯ ಚಿಚಾವೇ ಇರಬೇಕೆಂದು ಸಂಶೋಧಕರ ಅಭಿಪ್ರಾಯ. ಹಂಚಿ ಕುಡಿಯುವ ಪಾನೀಯದ ಚರಿತ್ರೆಯಲ್ಲಿ ಇಂಥ ಪುಟವೂ ಇದೆ.

ಚೆಲ್ಲಿದ ಚಿಚಾ

1532ರ ನವೆಂಬರಿನಲ್ಲಿ ಕಹಮಾರ್ಕ ಎಂಬಲ್ಲಿ ಫ್ರಾನ್ಸಿಸ್ಕೊ ಪಿಸಾರೊನ ಪುಟ್ಟ ದಂಡು ಇಂಕಾ ದೊರೆ ಅತಹುವಾಲ್ಪನನ್ನು ಮೋಸದಿಂದ ಸೆರೆಹಿಡಿದದ್ದು, ದೊರೆ ಪಾದ್ರಿಯ ಕೈಯಿಂದ ಧರ್ಮಗ್ರಂಥ ತೆಗೆದುಕೊಂಡು ನೆಲಕ್ಕೆಸೆದದ್ದೇ ನೆಪವಾಗಿ ಹತ್ಯಾಕಾಂಡ ನಡೆದದ್ದು ಶಾಲಾ ಪಠ್ಯಗಳಿಗೂ ಬಂದ ಕತೆ. ಇದಕ್ಕೆ ಇನ್ನೊಂದು ಮಗ್ಗುಲಿದೆ. ಅತಹುವಾಲ್ಪನ ತಮ್ಮನ ಮಗ ತೀತು ಕುಸಿ, ಕಾಡಿನಲ್ಲಿ ಉಳಿದಿದ್ದ ಇಂಕಾ ರಾಜ್ಯವನ್ನು ಆಳುತ್ತ 1570ರಲ್ಲಿ ಬರೆಸಿದ ಹೇಳಿಕೆಯಲ್ಲಿ ಪುಸ್ತಕಕ್ಕಿಂತ ಮೊದಲು ಒಂದು ಬಟ್ಟಲು ಬರುತ್ತದೆ. ತನ್ನ ದೊಡ್ಡಪ್ಪ ಸ್ಪೇನಿನವರಿಗೆ ಪದ್ಧತಿಯಂತೆ ಚಿನ್ನದ ಬಟ್ಟಲಿನಲ್ಲಿ ಚಿಚಾ ಕೊಟ್ಟ, ಅವರು ಅದನ್ನು ಕುಡಿಯದೆ ಚೆಲ್ಲಿದರು, ಅವನಿಗೆ ಸಿಟ್ಟು ಬಂದದ್ದು ಅದಕ್ಕೆ ಎನ್ನುತ್ತಾನೆ ತೀತು ಕುಸಿ.

ಸ್ಪೇನಿನವರ ಬರಹಗಳಲ್ಲಿ ಬೇರೆಯದೇ ಮಾತಿದೆ. ಹಿಂದಿನ ದಿನ ಅತಹುವಾಲ್ಪನ ಬೀಡಿಗೆ ಹೋಗಿದ್ದ ಸವಾರರು ಮೊದಲು ಬೇಡವೆಂದರೂ, ಹೆಂಗಸರು ಚಿನ್ನದ ಬಟ್ಟಲಲ್ಲಿ ತಂದ ಚಿಚಾವನ್ನು ಕೊನೆಗೆ ಕುಡಿದರಂತೆ. ಯಾರದು ನಿಜ ಎಂದು ಈಗ ಪಂಚಾಯಿತಿ ಮಾಡುವುದು ಕಷ್ಟ. ಆದರೆ ತೀತು ಕುಸಿಯ ಮಾತು ಸುಳ್ಳೇ ಆಗಿದ್ದರೂ ಬೆಲೆಯುಳ್ಳದ್ದು. ಒಬ್ಬರ ಪುಸ್ತಕ ನೆಲಕ್ಕೆ ಬಿದ್ದದ್ದು ಜಗತ್ತಿಗೆಲ್ಲ ಗೊತ್ತಾಯಿತು, ಇನ್ನೊಬ್ಬರ ಬಟ್ಟಲು ಚೆಲ್ಲಿದ್ದು ಗೊತ್ತಾಗಲಿಲ್ಲ. ಬಟ್ಟಲನ್ನು ನಿರಾಕರಿಸುವುದೆಂದರೆ ಸಂಬಂಧವನ್ನೇ ನಿರಾಕರಿಸಿದಂತೆ ಎಂದು ಬಲ್ಲ ಜನ ತಮ್ಮ ಸಾಮ್ರಾಜ್ಯದ ಪತನವನ್ನು ಹೀಗೆ ಅರ್ಥ ಮಾಡಿಕೊಂಡರು.

ಮುಂದೆ ಪಾದ್ರಿಗಳ ಕಣ್ಣು ಚಿಚಾದ ಮೇಲೆ ಬಿತ್ತು. ನಾಡಿನ ಹಳೆಯ ದೇವರುಗಳನ್ನು ಹುಡುಕಿ ನಾಶ ಮಾಡಲು ಹೊರಟ ಜೆಸುಯಿಟ್ ಪಾದ್ರಿ ಆರಿಯಾಗ 1621ರ ತನ್ನ ಗ್ರಂಥದಲ್ಲಿ, ಇವರ ನೈವೇದ್ಯಗಳಲ್ಲೆಲ್ಲ ಮುಖ್ಯವಾದದ್ದು ಚಿಚಾ ಎಂದು ಸರಿಯಾಗಿಯೇ ಗುರುತಿಸಿದ. ಕುಡಿತವನ್ನು ನಿಲ್ಲಿಸದೆ ವಿಗ್ರಹಾರಾಧನೆ ನಿಲ್ಲದು ಎಂಬುದು ಅಂದಿನ ಧರ್ಮಾಧಿಕಾರಿಗಳ ನಂಬಿಕೆ. ಅತ್ತ ಪೊತೊಸಿಯ ಬೆಳ್ಳಿ ಗಣಿಗಳಲ್ಲಿ ಅದೇ 'ಮಿತಾ' ಹೆಸರಿನಲ್ಲಿ ಜನರನ್ನು ಬಲವಂತವಾಗಿ ಇಳಿಸಿ ದುಡಿಸಲಾಗುತ್ತಿತ್ತು. ಹಳೆಯ ಹೆಸರು ಉಳಿಯಿತು, ದೊರೆಯ ಔತಣ ಹೋಯಿತು. ಗಣಿ ಕೆಲಸಗಾರ ತನ್ನ ಚಿಚಾವನ್ನು ತಾನೇ ದುಡ್ಡು ಕೊಟ್ಟು ಕುಡಿಯಬೇಕಾಯಿತು. ಪಡಖಾನೆ ಹುಟ್ಟಿದ್ದು ಹೀಗೆ.

ತೆರಿಗೆ ಬೇಕು, ಚಿಚಾ ಬೇಡ

ಇಪ್ಪತ್ತನೆಯ ಶತಮಾನದ ಸರ್ಕಾರಗಳ ನಡವಳಿಕೆ ಇನ್ನೂ ಸ್ವಾರಸ್ಯವಾದದ್ದು. ಕೊಚಬಾಂಬದಲ್ಲಿ ನಗರದ ಗಣ್ಯರು ಚಿಚಾ ಅಂಗಡಿಗಳನ್ನು ಪೇಟೆಯ ಮಧ್ಯದಿಂದ ಹೊರವಲಯಕ್ಕೆ ಅಟ್ಟಿದರು. ಆದರೆ ಚಿಚಾದ ಮೇಲೆ ಹಾಕಿದ ತೆರಿಗೆಯ ಹಣದಿಂದಲೇ ಅದೇ ನಗರದ ಸಾರ್ವಜನಿಕ ಕಾಮಗಾರಿಗಳು ನಡೆದವು. ಮಾರುವ ಹೆಂಗಸು ಕಣ್ಣಿಗೆ ಬೀಳಬಾರದು, ಅವಳ ದುಡ್ಡು ಮಾತ್ರ ಖಜಾನೆಗೆ ಬೀಳಬೇಕು. ನಮ್ಮಲ್ಲಿ ಅಬಕಾರಿ ವರಮಾನದ ಲೆಕ್ಕ ಓದುವವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ ನಡೆದದ್ದು ಇದಕ್ಕಿಂತ ಉಗ್ರ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಅಲ್ಲಿನ ವೈದ್ಯರು ಚಿಚಾ ಕುಡಿಯುವುದನ್ನು ಒಂದು ರೋಗವೆಂದು ಬಣ್ಣಿಸಿ ಅದಕ್ಕೆ 'ಚಿಚಿಸ್ಮೊ' ಎಂದು ಹೆಸರಿಟ್ಟಿದ್ದರು. 1889ರಲ್ಲಿ ಜರ್ಮನಿಯಿಂದ ಬಂದ ಲಿಯೊ ಕಾಪ್ ಬವಾರಿಯಾ ಎಂಬ ಬಿಯರ್ ಕಾರ್ಖಾನೆ ತೆರೆದ. ಕಾರ್ಖಾನೆ ತನ್ನ ಒಂದು ಬಿಯರಿಗೆ 'ಇನ್ನು ಚಿಚಾ ಬೇಡ' ಎಂಬರ್ಥದ ಹೆಸರನ್ನೇ ಇಟ್ಟಿತು! 1948ರ ಏಪ್ರಿಲ್ 9ರಂದು ಜನಪ್ರಿಯ ನಾಯಕ ಹೋರ್ಹೆ ಗೈತಾನ್ ನಡುಬೀದಿಯಲ್ಲಿ ಕೊಲೆಯಾದಾಗ ಬೊಗೊಟಾ ಹೊತ್ತಿ ಉರಿಯಿತು. ಜನರ ಆಕ್ರೋಶಕ್ಕೆ ಕಾರಣ ಹುಡುಕಿದ ಸರ್ಕಾರಕ್ಕೆ ಕೈಗೆ ಸಿಕ್ಕಿದ್ದು ಚಿಚಾ. ಅದೇ ವರ್ಷ ಕಾನೂನು ಬಂತು. ಹುದುಗು ಬರಿಸಿದ ಪಾನೀಯಗಳನ್ನು ಯಂತ್ರದ ವಿಧಾನದಲ್ಲಿ ತಯಾರಿಸಿ, ಮುಚ್ಚಿದ ಗಾಜಿನ ಬಾಟಲಿಯಲ್ಲೇ ಮಾರಬೇಕೆಂದು ಅದರ ಷರತ್ತು. ಗುಡಾಣದಿಂದ ಮೊಗೆದು ಕೊಡುವ ಹೆಂಗಸಿಗೆ ಇದು ಸಾಧ್ಯವೇ? ಈ ಕಾನೂನಿನ ಹಿಂದಿದ್ದ ಆರೋಗ್ಯ ಸಚಿವ ಹೋರ್ಹೆ ಬೆಹರಾನೊ ಇದನ್ನು ಒಂದು ದುಶ್ಚಟದ ಸೋಲು ಎಂದು ಕರೆದು ಪುಸ್ತಕವನ್ನೇ ಬರೆದರು.

ಸಚಿವರ ಮಾತಿನಲ್ಲಿ ಹುರುಳೇ ಇರಲಿಲ್ಲವೆಂದು ಹೇಳಲಾಗದು. ಕೊಳಕು ಜಾಗದಲ್ಲಿ, ಏನೇನನ್ನೋ ಬೆರೆಸಿ ಮಾಡುತ್ತಿದ್ದವರೂ ಇದ್ದರು. ಕುಡಿತದಿಂದ ಹಾಳಾದ ಸಂಸಾರಗಳು ಎಲ್ಲ ದೇಶಗಳಲ್ಲೂ ಇವೆ. ಆದರೆ ಅದಕ್ಕಿಂತ ಹೆಚ್ಚು ಮದ್ಯಸಾರವಿರುವ ಬಿಯರ್ ನಾಗರಿಕವಾಗಿ, ಚಿಚಾ ಅನಾಗರಿಕವಾಗಿ ಕಂಡದ್ದಕ್ಕೆ ನೈರ್ಮಲ್ಯವೊಂದೇ ಕಾರಣವೆಂದು ನಂಬುವುದು ಕಷ್ಟ.

ಇಷ್ಟಾದರೂ ಚಿಚಾ ಸಾಯಲಿಲ್ಲ. ಪೆರುವಿನಲ್ಲಿ 'ಚಿಚಾ ಮೊರಾದ' ಎಂಬ, ಮದ್ಯಸಾರವಿಲ್ಲದ ನೇರಳೆ ಜೋಳದ ಪಾನೀಯವನ್ನು ಮಕ್ಕಳೂ ಕುಡಿಯುತ್ತಾರೆ. ಜೋಳವನ್ನು ಅನಾನಸ್ ಸಿಪ್ಪೆ, ಚಕ್ಕೆ, ಲವಂಗದೊಂದಿಗೆ ಕುದಿಸಿ, ಸಕ್ಕರೆ ನಿಂಬೆಹಣ್ಣು ಸೇರಿಸಿದರೆ ಆಯಿತು. ಅದು ಬಾಟಲಿಯಲ್ಲೂ ಪುಡಿಯಾಗಿಯೂ ಅಂಗಡಿಗಳಲ್ಲಿ ದೊರೆಯುತ್ತದೆ. ಬೆಟ್ಟದಿಂದ ರಾಜಧಾನಿ ಲಿಮಾಕ್ಕೆ ವಲಸೆ ಬಂದವರು 1970 ಮತ್ತು 80ರ ದಶಕಗಳಲ್ಲಿ ಬೆಳೆಸಿದ ಹೊಸ ಸಂಗೀತಕ್ಕೂ ಚಿಚಾ ಎಂದೇ ಹೆಸರಾಯಿತು. 1990ರ ದಶಕದಲ್ಲಿ ಅಧ್ಯಕ್ಷ ಫುಜಿಮೊರಿಯ ವಿರೋಧಿಗಳ ಮೇಲೆ ಕೆಸರೆರಚಿದ ಅಗ್ಗದ ಪತ್ರಿಕೆಗಳನ್ನೂ ಜನ 'ಚಿಚಾ ಪತ್ರಿಕೆ'ಗಳೆಂದರು. ಪತ್ರಿಕೋದ್ಯಮದ ಪಾಲಿಗೆ ಇದೇನೂ ಹೆಮ್ಮೆಯ ಬಿರುದಲ್ಲ, ಚಿಚಾದ ಪಾಲಿಗಂತೂ ಅಲ್ಲವೇ ಅಲ್ಲ.

ದಕ್ಷಿಣ ಪೆರುವಿನ ಅರೆಕಿಪಾ ನಗರದಲ್ಲಿ ಹೆಂಗಸರು ನಡೆಸುವ 'ಪಿಕಾಂತೆರಿಯಾ' ಎಂಬ ಖಾರದೂಟದ ಖಾನಾವಳಿಗಳಿವೆ. ಕಪ್ಪು ಜೋಳದ ಮೊಳಕೆಯಿಂದ ಮಾಡಿದ ಚಿಚಾವನ್ನು ಊಟದೊಂದಿಗೆ ಬಡಿಸುವುದು ಮಾತ್ರವಲ್ಲ, ಅಡುಗೆಯ ಮಸಾಲೆಗೂ ಬಳಸುತ್ತಾರೆ. 2014ರಲ್ಲಿ ಪೆರು ಸರ್ಕಾರ ಈ ಖಾನಾವಳಿಗಳನ್ನು ರಾಷ್ಟ್ರದ ಸಾಂಸ್ಕೃತಿಕ ಪರಂಪರೆ ಎಂದು ಘೋಷಿಸಿತು.

ಬೊಗೊಟಾದಲ್ಲಿಯೂ ಒಂದು ಬಡಾವಣೆ ಪ್ರತಿವರ್ಷ ಚಿಚಾ ಹಬ್ಬ ಆಚರಿಸುತ್ತದೆ. ಬೀದಿಯುದ್ದಕ್ಕೂ ಮನೆಯಲ್ಲೇ ಮಾಡಿದ ಚಿಚಾ ಮಾರಾಟವಾಗುತ್ತದೆ. ಬಡಾವಣೆಯ ಹೆಸರು ಲಾ ಪೆರ್ಸೆವೆರಾನ್ಸಿಯಾ. ಅದನ್ನು ಕಟ್ಟಿದ್ದು ಬವಾರಿಯಾ ಬಿಯರ್ ಕಾರ್ಖಾನೆಯ ಕಾರ್ಮಿಕರ ವಸತಿಗಾಗಿ.